ಪೆಗ್ಗಿ ಆಶ್ಕ್ರಾಫ್ಟ್: ಅರವತ್ತು ವರ್ಷಗಳ ನಟನೆ

ರಾಮನಗರದ ಬಂಡೆಗಳೆಂದರೆ ನಮಗೆಲ್ಲ ಥಟ್ಟನೆ ನೆನಪಾಗುವುದು 'ಶೋಲೆ', ಗಬ್ಬರ್ ಸಿಂಗ್. ಅದೇ ರಾಮದೇವರಬೆಟ್ಟಕ್ಕೂ ಆಚೆಯ ಸಾವನದುರ್ಗಕ್ಕೂ ಇನ್ನೊಂದು ಸಿನಿಮಾದವರು ಬಂದು ಹೋಗಿದ್ದಾರೆ. ಇ. ಎಂ. ಫಾರ್ಸ್ಟರ್ ಅವರ ಕಾದಂಬರಿ 'ಎ ಪ್ಯಾಸೇಜ್ ಟು ಇಂಡಿಯಾ'ವನ್ನು ಡೇವಿಡ್ ಲೀನ್ ತೆರೆಗೆ ತಂದಾಗ ಕಥೆಯ ಮರಬಾರ್ ಬೆಟ್ಟಗಳಾಗಿ ನಿಂತದ್ದು ಈ ಹೆಬ್ಬಂಡೆಗಳೇ. ಗುಹೆಯ ಬಾಯಿಗಳನ್ನು ಚಿತ್ರತಂಡದವರೇ ಕೊರೆಸಿಕೊಂಡರು. ಆ ಗುಹೆಯೊಳಗೆ ಉಸಿರುಕಟ್ಟಿ, ತತ್ತರಿಸಿ ಹೊರಬರುವ ವೃದ್ಧೆ ಮಿಸೆಸ್ ಮೂರ್. ಆ ಪಾತ್ರ ಮಾಡಿದ ಪೆಗ್ಗಿ ಆಶ್ಕ್ರಾಫ್ಟ್ ಅವರಿಗೆ 1985ರಲ್ಲಿ ಪೋಷಕ ನಟಿಯ ಆಸ್ಕರ್ ಬಂತು. ಆಗ ಅವರಿಗೆ 77 ವರ್ಷ. ಸಮಾರಂಭಕ್ಕೆ ಅವರು ಬಂದಿರಲಿಲ್ಲ. ಪೆಗ್ಗಿಯ ಪರವಾಗಿ ಆಂಜೆಲಾ ಲ್ಯಾನ್ಸ್‌ಬರಿ ಪ್ರಶಸ್ತಿ ಸ್ವೀಕರಿಸಿದರು. ಅಂದು ಮಾರ್ಚ್ 25, ಡೇವಿಡ್ ಲೀನ್ ಹುಟ್ಟಿದ ದಿನ. ಅವರಿಗೂ ಅಂದು ಭರ್ತಿ 77.

ಲೋಕಕ್ಕೆಲ್ಲ ಹೆಸರು ಗೊತ್ತಾಗುವ ಹೊತ್ತಿಗೆ ಈಕೆ ರಂಗದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿದ್ದರು. ಇವತ್ತು ಹೇಳಬೇಕೆಂದಿರುವುದು ಆ ಕಾಲದ ಕಥೆ.

ಪೆಗ್ಗಿ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿನ ಪಕ್ಕದ ಕ್ರಾಯ್ಡನ್‌ನಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ತಾಯಿಗೆ ನಾಟಕದ ಹುಚ್ಚಿತ್ತು. ಹದಿನಾರರ ಹುಡುಗಿ ಎಲ್ಸಿ ಫೋಗರ್ಟಿ ಅವರ ನಾಟಕಶಾಲೆ ಸೇರಿದಳು. ಅಲ್ಲಿ ಸಹಪಾಠಿಯಾಗಿ ಸಿಕ್ಕವನು ಲಾರೆನ್ಸ್ ಒಲಿವಿಯರ್. 'ಮರ್ಚೆಂಟ್ ಆಫ್ ವೆನಿಸ್'ನ ನ್ಯಾಯಾಲಯದ ದೃಶ್ಯದಲ್ಲಿ ಅವನು ಶೈಲಾಕ್, ಇವಳು ಪೋರ್ಷಿಯಾ. ಬಹುಮಾನ ಇಬ್ಬರಿಗೂ ಹಂಚಿಹೋಯಿತು. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ ವೃತ್ತಿ ಆರಂಭ.

1930ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ 'ಒಥೆಲೊ'. ನಾಯಕ ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್, ಡೆಸ್ಡಿಮೋನಾ ಪೆಗ್ಗಿ. ಬಿಳಿಯ ಹುಡುಗಿಯನ್ನು ಕಪ್ಪು ಮನುಷ್ಯ ರಂಗದ ಮೇಲೆ ಮುಟ್ಟುವುದೆಂದರೆ ಅಂದಿನ ಎಷ್ಟೋ ಮಂದಿಗೆ ತಡೆಯಲಾಗದ ಸಂಗತಿ. ಬೈಗುಳದ ಕಾಗದಗಳು ಬಂದವು. ಪೆಗ್ಗಿ ಹಿಂಜರಿಯಲಿಲ್ಲ, ಬಾಳಿನುದ್ದಕ್ಕೂ ಅನ್ಯಾಯದ ವಿಷಯ ಬಂದಾಗ ಬಾಯಿಮುಚ್ಚಿ ಕೂರಲೂ ಇಲ್ಲ.

1935ರಲ್ಲಿ 'ರೋಮಿಯೊ ಅಂಡ್ ಜೂಲಿಯೆಟ್'. ಜಾನ್ ಗೀಲ್‌ಗುಡ್ ಮತ್ತು ಒಲಿವಿಯರ್ ರೋಮಿಯೊ, ಮರ್ಕ್ಯುಷಿಯೊ ಪಾತ್ರಗಳನ್ನು ಅದಲುಬದಲು ಮಾಡಿಕೊಂಡರು. ಯಾವ ರೋಮಿಯೊ ಹೆಚ್ಚು ಎಂದು ಊರೆಲ್ಲ ಜಗಳವಾಡಿತು. ಜೂಲಿಯೆಟ್ ಮಾತ್ರ ಒಬ್ಬಳೇ. ಒಬ್ಬ ರೋಮಿಯೊ ಪದ್ಯದ ಲಯಕ್ಕೆ ಸೋಲುವವನು, ಇನ್ನೊಬ್ಬ ಮೈಯಲ್ಲೇ ಆಡುವವನು. ಇಬ್ಬರಿಗೂ ಎದುರು ನಿಂತು ತನ್ನ ಪಾತ್ರ ಕೆಡದಂತೆ ನೋಡಿಕೊಳ್ಳುವುದು, ನನ್ನ ಮಟ್ಟಿಗೆ, ಅವರಿಬ್ಬರ ಕೆಲಸಕ್ಕಿಂತ ಕಷ್ಟದ್ದು.

ಅದೇ ವರ್ಷ ಹಿಚ್‌ಕಾಕ್ ಅವರ 'ದಿ 39 ಸ್ಟೆಪ್ಸ್'. ಪೊಲೀಸರಿಂದ ತಪ್ಪಿಸಿಕೊಂಡು ಓಡುವ ನಾಯಕ ಸ್ಕಾಟ್ಲೆಂಡಿನ ಒಂದು ಒಂಟಿ ಮನೆಯಲ್ಲಿ ರಾತ್ರಿ ತಂಗುತ್ತಾನೆ. ರೈತನ ಎಳೆಹರೆಯದ ಹೆಂಡತಿ ಪೆಗ್ಗಿ. ಪಟ್ಟಣದ ಹೆಂಗಸರು ಕಾಲಿನ ಉಗುರಿಗೂ ಬಣ್ಣ ಹಚ್ಚುತ್ತಾರಂತೆ, ಹೌದೇ ಎಂದು ಆಸೆಯಿಂದ ಕೇಳುತ್ತಾಳೆ. ಆಮೇಲೆ ಊಟದ ಮೇಜು. ಗಂಡ ತಲೆಬಗ್ಗಿಸಿ ಪ್ರಾರ್ಥನೆ ಹೇಳುತ್ತಿದ್ದಾನೆ. ಇವಳ ಕಣ್ಣು ಪತ್ರಿಕೆಯ ಸುದ್ದಿಯ ಮೇಲೆ ಬೀಳುತ್ತದೆ, ಅಲ್ಲಿಂದ ಅತಿಥಿಯ ಮುಖಕ್ಕೆ. ಎದುರಿಗಿರುವವನೇ ಕೊಲೆ ಆರೋಪಿ ಎಂದು ತಿಳಿಯಿತು. ಬಾಯಲ್ಲಿ ಮಾತಿಲ್ಲ, ಎಲ್ಲವೂ ನೋಟದಲ್ಲೇ. ಆ ನೋಟವನ್ನು ಗಂಡ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾನೆ. ಅವಳು ಗಂಡನ ಕೋಟು ಕೊಟ್ಟು ಅತಿಥಿಯನ್ನು ಪಾರುಮಾಡುತ್ತಾಳೆ; ಅದಕ್ಕೆ ಆಮೇಲೆ ಏಟು ತಿನ್ನುತ್ತಾಳೆ. ಕೆಲವೇ ನಿಮಿಷಗಳ ಪಾತ್ರ. ಚಿತ್ರ ಮುಗಿದ ಮೇಲೆ ನಾಯಕಿಗಿಂತ ಇವಳೇ ಮನಸ್ಸಿನಲ್ಲಿ ಉಳಿಯುತ್ತಾಳೆ.

ಇಷ್ಟಾದರೂ ಅವರು ಸಿನಿಮಾದ ಬೆನ್ನುಹತ್ತಲಿಲ್ಲ. ಅವರಿಗೆ ಬೇಕಾಗಿದ್ದದ್ದು ತಂಡ: ಅದೇ ನಟರು, ಒಂದಾದ ಮೇಲೊಂದು ನಾಟಕ, ಸಾಕಷ್ಟು ತಾಲೀಮು. ಗೀಲ್‌ಗುಡ್ ತಂಡದಲ್ಲಿ ಚೆಕಾಫ್, ಷೇಕ್ಸ್‌ಪಿಯರ್. 1952ರಲ್ಲಿ ರ್‍ಯಾಟಿಗನ್ ಅವರ 'ದಿ ಡೀಪ್ ಬ್ಲೂ ಸೀ'ಯ ಹೆಸ್ಟರ್. 1954ರಲ್ಲಿ ಇಬ್ಸನ್‌ನ ಹೆಡ್ಡಾ ಗ್ಯಾಬ್ಲರ್, ಅದಕ್ಕೆ ನಾರ್ವೆಯ ದೊರೆಯಿಂದ ಪದಕ. 1956ರಲ್ಲಿ 'ಡೇಮ್' ಬಿರುದು. ಪೀಟರ್ ಹಾಲ್ ಸ್ಟ್ರ್ಯಾಟ್‌ಫರ್ಡಿನಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಕಟ್ಟಲು ಹೊರಟಾಗ ಜೊತೆಗೆ ನಿಂತ ಹಿರಿಯರಲ್ಲಿ ಇವರು ಮುಖ್ಯರು.

1963ರಲ್ಲಿ ಆ ಕಂಪನಿ 'ವಾರ್ಸ್ ಆಫ್ ದ ರೋಸಸ್' ಆಡಿತು. ಷೇಕ್ಸ್‌ಪಿಯರನ ಆರನೇ ಹೆನ್ರಿಯ ಮೂರು ನಾಟಕಗಳನ್ನು ಜಾನ್ ಬಾರ್ಟನ್ ಎರಡಕ್ಕಿಳಿಸಿ, ಮೂರನೆಯ ರಿಚರ್ಡನನ್ನು ಸೇರಿಸಿದ್ದರು. ಪೆಗ್ಗಿ ಮಾರ್ಗರೆಟ್ ರಾಣಿ. ಫ್ರಾನ್ಸಿನಿಂದ ಬರುವ ಎಳೆಯ ರಾಜಕುಮಾರಿಯಿಂದ ಹಿಡಿದು, ಸೆರೆಸಿಕ್ಕ ಶತ್ರು ಯಾರ್ಕ್‌ಗೆ ಅವನ ಮಗನ ರಕ್ತದಲ್ಲಿ ಅದ್ದಿದ ವಸ್ತ್ರ ಕೊಟ್ಟು ಕಣ್ಣೊರೆಸಿಕೋ ಎನ್ನುವ ಕ್ರೂರಿಯಾಗಿ, ಕೊನೆಗೆ ಗಂಡ ಮಗ ಇಬ್ಬರನ್ನೂ ಕಳೆದುಕೊಂಡು ಶಾಪ ಹಾಕುತ್ತ ಅಲೆಯುವ ಮುದುಕಿಯವರೆಗೆ, ಎಲ್ಲವನ್ನೂ ಐವತ್ತೈದು ದಾಟಿದ ಒಬ್ಬರೇ ಆಡಿದರು.

ಸಂಸಾರದ ವಿಷಯ ಹೆಚ್ಚು ಬೇಡ. ಮೂರು ಮದುವೆಗಳಾದವು, ಮೂರೂ ಮುರಿದವು, ಇಬ್ಬರು ಮಕ್ಕಳು.

ಎಂಬತ್ತರ ದಶಕದಲ್ಲಿ ಕ್ಯಾಮೆರಾ ಅವರನ್ನು ಹುಡುಕಿಕೊಂಡು ಬಂತು. 1984ರಲ್ಲಿ ಗ್ರನಾಡಾ ಟೆಲಿವಿಷನ್ನಿನ ಧಾರಾವಾಹಿ 'ದಿ ಜುವೆಲ್ ಇನ್ ದ ಕ್ರೌನ್'. ಅದರಲ್ಲಿ ಅವರು ಬಾರ್ಬಿ, ಭಾರತದಲ್ಲೇ ಆಯುಸ್ಸು ಸವೆಸಿ ನಿವೃತ್ತಳಾದ ಮಿಷನರಿ ಶಿಕ್ಷಕಿ. ಯಾರಿಗೂ ಬೇಡದ, ಮಾತು ನಿಲ್ಲಿಸಲಾರದ ಹೆಂಗಸು. ಅದೇ ವರ್ಷದ ಕೊನೆಗೆ ಮಿಸೆಸ್ ಮೂರ್. ಆಸ್ಕರ್ ತಂದದ್ದು ಎರಡನೆಯದಾದರೂ ನನ್ನ ಮತ ಬಾರ್ಬಿಗೆ. 1988ರ 'ಮೇಡಮ್ ಸೂಸಾಟ್ಸ್ಕಾ'ದಲ್ಲಿ ಅವರೊಂದಿಗೆ ನಮ್ಮ ಶಬಾನಾ ಆಜ್ಮಿಯೂ ಇದ್ದರು. 1991ರ ಜೂನ್ 14ರಂದು ಪೆಗ್ಗಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳು ಮುಂಚೆ ಡೇವಿಡ್ ಲೀನ್ ಹೋಗಿದ್ದರು.

ಜೂಲಿಯೆಟ್, ಹೆಸ್ಟರ್, ಹೆಡ್ಡಾ ರಂಗದ ಮೇಲೆ ಹೇಗಿದ್ದರೆಂದು ಈಗ ನೋಡಿದವರ ಬರಹದಿಂದಷ್ಟೇ ತಿಳಿಯಬೇಕು. ಮಾರ್ಗರೆಟ್ ರಾಣಿಯದು ಹಾಗಲ್ಲ. ಆ ಪ್ರಯೋಗವನ್ನು ಬಿಬಿಸಿ ಚಿತ್ರೀಕರಿಸಿ 1965ರಲ್ಲಿ ಪ್ರಸಾರ ಮಾಡಿತು. ಕಪ್ಪು-ಬಿಳುಪು, ಗಂಟೆಗಟ್ಟಲೆ ಉದ್ದ. ಆಸಕ್ತಿಯುಳ್ಳವರು ಮೊದಲು ಯಾರ್ಕ್‌ನ ಆ ದೃಶ್ಯದಿಂದಲೇ ಶುರುಮಾಡಬಹುದು.