ಪ್ರಳಯದ ಕಥೆಗಳ ನಂಟು

ಕೇಳುಗರೇ, ಭೀಮಾ ಸೀಮೆಯ ಕರಜಗಿ, ಅಕ್ಕಲಕೋಟದವರಿಗೆ ಹೊಳೆ ಬರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಎರಡೂ ದಂಡೆಯ ಊರುಗಳಿಗೆ ನುಗ್ಗಿದ್ದು ಇನ್ನೂ ಹಸಿ ನೆನಪು. ಹೊಳೆಯಿದ್ದಲ್ಲೆಲ್ಲ ಪ್ರಳಯದ ಕಥೆ ತಾನಾಗಿಯೇ ಹುಟ್ಟೀತು; ಹಾಗಿರುವಾಗ ಬಾಬಿಲೋನಿನ ಕಥೆಗೂ ಬೈಬಲಿನ ನೋಹನ ಕಥೆಗೂ ನಂಟು ಹುಡುಕುವುದೇಕೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನೀರು, ನಾವೆ, ಬದುಕುಳಿದ ಒಬ್ಬ ಮನುಷ್ಯ, ಇಷ್ಟರಿಂದಲೇ ನಂಟು ಸಾಬೀತಾಗುವುದಿಲ್ಲ. ನಮ್ಮ ಮನುವಿನ ಕಥೆಯಲ್ಲೂ ಇವೆಲ್ಲ ಇವೆ. ಶತಪಥ ಬ್ರಾಹ್ಮಣದಲ್ಲಿ ಕೈತೊಳೆಯುವ ನೀರಿನಲ್ಲಿ ಸಿಕ್ಕ ಮೀನು ದೊಡ್ಡದಾಗಿ ಬೆಳೆಯುತ್ತದೆ. ಮನು ಅದರ ಕೊಂಬಿಗೆ ನಾವೆಯ ಹಗ್ಗ ಕಟ್ಟಿ ಉತ್ತರದ ಬೆಟ್ಟ ಸೇರುತ್ತಾನೆ. ಆದರೆ ಅಲ್ಲಿ ಹಕ್ಕಿ ಬಿಡುವ ಮಾತಿಲ್ಲ, ದೇವರ ಕೋಪವೂ ಇಲ್ಲ. ಅದನ್ನು ಬಾಬಿಲೋನಿಗೆ ಗಂಟುಹಾಕಲು ಆಧಾರ ಸಾಲದು.

ನೋಹನ ವಿಷಯ ಬೇರೆ. 1872ರ ಡಿಸೆಂಬರ್ 3ರಂದು ಲಂಡನ್ನಿನಲ್ಲಿ ವಿದ್ವಾಂಸ ಜಾರ್ಜ್ ಸ್ಮಿತ್ ಸಭೆಯೊಂದಕ್ಕೆ ವಿವರಿಸಿದ ಮಣ್ಣಿನ ಹಲಗೆ ನಿನೆವೆಯ ಅಶೂರ್‌ಬನಿಪಾಲ ದೊರೆಯ ಗ್ರಂಥಭಂಡಾರದ್ದು, ಬಾಬಿಲೋನಿನ ಗಿಲ್ಗಮೆಶ್ ಕಾವ್ಯದ 11ನೆಯ ಹಲಗೆ. ಅದರಲ್ಲಿ ಪ್ರಳಯದಿಂದ ಬದುಕುಳಿಯುವ ಉತ್ನಪಿಷ್ಟಿಮ್ ನಾವೆಗೆ ಡಾಂಬರು ಬಳಸುತ್ತಾನೆ. ನಾವೆ ಬೆಟ್ಟಕ್ಕೆ ತಗಲಿ ನಿಂತು ಏಳನೆಯ ದಿನ ಪಾರಿವಾಳ ಬಿಡುತ್ತಾನೆ. ಕೂರಲು ತಾವು ಸಿಗದೆ ಅದು ಮರಳುತ್ತದೆ. ಇನ್ನೊಂದು ಹಕ್ಕಿಯೂ ಮರಳುತ್ತದೆ. ಕೊನೆಗೆ ಬಿಟ್ಟ ಕಾಗೆ ನೀರಿಳಿದದ್ದು ಕಂಡು, ತಿಂದು, ತಿರುಗಿ ಬರುವುದೇ ಇಲ್ಲ. ಬೈಬಲಿನ ಆದಿಕಾಂಡದ 8ನೆಯ ಅಧ್ಯಾಯದ ನೋಹನೂ ಕಾಗೆ ಬಿಡುತ್ತಾನೆ, ಪಾರಿವಾಳ ಬಿಡುತ್ತಾನೆ. ಆ ಪಾರಿವಾಳವೂ ಕಾಲೂರಲು ಜಾಗ ಕಾಣದೆ ಮರಳುತ್ತದೆ. ಹಕ್ಕಿಗಳ ಸರದಿ ಅದಲುಬದಲಾಗಿದೆ, ನಿಜ. ಆದರೂ ಡಾಂಬರು, ಬೆಟ್ಟ, ಹಕ್ಕಿ, ಇಳಿದೊಡನೆ ಕೊಡುವ ಬಲಿ, ಅದರ ಕಂಪು ದೇವರಿಗೆ ಮುಟ್ಟುವುದು, ಇಷ್ಟೆಲ್ಲ ಎರಡು ಕಡೆ ತಾವಾಗಿಯೇ ಕೂಡಿಬಂದವೆನ್ನುವುದು ನಂಬುವ ಮಾತಲ್ಲ. ಯಾವುದು ಮೊದಲೆಂಬುದರಲ್ಲೂ ಸಂಶಯ ಬೇಡ. ಇದೇ ಪ್ರಳಯವನ್ನು ಹೇಳುವ ಅತ್ರಹಸಿಸ್ ಕಾವ್ಯದ ಹಲಗೆಗಳು ಕ್ರಿಸ್ತಪೂರ್ವ 17ನೆಯ ಶತಮಾನದವು. ಯೆಹೂದ್ಯರು ಬಾಬಿಲೋನಿಗೆ ಸೆರೆಹೋದದ್ದು 6ನೆಯ ಶತಮಾನದಲ್ಲಿ. ಕಥೆ ಅವರ ಕಿವಿಗೆ ಆಗಲೇ ಬಿತ್ತೆಂದೂ ಹಟ ಹಿಡಿಯಬೇಕಿಲ್ಲ. ಅದಕ್ಕೂ ಶತಮಾನಗಳ ಹಿಂದಿನ ಗಿಲ್ಗಮೆಶ್ ಕಾವ್ಯದ ತುಣುಕೊಂದು ಈಗಿನ ಇಸ್ರೇಲಿನ ಮೆಗಿದ್ದೋದಲ್ಲೇ ಸಿಕ್ಕಿದೆ.

ಹಾಗಾದರೆ ಕಡ ತಂದ ಕಥೆಯೆಂದು ಬೈಬಲ್ ಹಗುರವಾಯಿತೆ? ಖಂಡಿತ ಇಲ್ಲ. ಅತ್ರಹಸಿಸ್‌ನಲ್ಲಿ ಮನುಷ್ಯರ ಗದ್ದಲಕ್ಕೆ ನಿದ್ದೆಗೆಟ್ಟ ಎನ್ಲಿಲ್ ದೇವನಿಂದ ಅನಾಹುತ ಶುರು. ಗಿಲ್ಗಮೆಶ್‌ನಲ್ಲಿ ನೀರು ಕಂಡು ದೇವತೆಗಳೇ ಹೆದರಿ ಮುದುರಿಕೊಳ್ಳುತ್ತಾರೆ, ಆಮೇಲೆ ಬಲಿಯ ಸುತ್ತ ಹಸಿದು ಮುತ್ತುತ್ತಾರೆ. ಆದಿಕಾಂಡದಲ್ಲಿ ಪ್ರಳಯಕ್ಕೆ ಕಾರಣ ಭೂಮಿ ತುಂಬಿದ ಹಿಂಸೆ. ಕೊನೆಗೆ ಇನ್ನೆಂದೂ ಹೀಗೆ ಮಾಡೆನೆಂಬ ಒಡಂಬಡಿಕೆ, ಅದಕ್ಕೆ ಮಳೆಬಿಲ್ಲಿನ ಗುರುತು. ಹಳೆಯ ಕಥೆಗೆ ಹೀಬ್ರೂ ಬರಹಗಾರರು ನ್ಯಾಯದ ಪ್ರಶ್ನೆಯನ್ನು ತಂದರು. ನನ್ನ ಮಟ್ಟಿಗೆ ಅವರ ಸ್ವಂತಿಕೆ ಅಲ್ಲಿದೆ. ಕನ್ನಡ ಬೈಬಲ್ ಸುಲಭವಾಗಿ ಸಿಗುತ್ತದೆ. ಆದಿಕಾಂಡದ 6ರಿಂದ 9ರವರೆಗಿನ ಅಧ್ಯಾಯಗಳನ್ನು ಒಮ್ಮೆ ಓದಿ, ಕೇಳುಗರೇ.