ಒಸಡಿನ ರೋಗ ಮತ್ತು ಲೇಸರ್ ಚಿಕಿತ್ಸೆ

(ಬೆಳೆಗಾರ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬುಡದ ಮಣ್ಣು ಸಡಿಲವಾದರೆ ಕಬ್ಬು ಒರಗುತ್ತದೆ. ಹಾಗೆಯೇ ಒಸಡು ಕೆಟ್ಟರೆ ಹುಳುಕಿಲ್ಲದ ಹಲ್ಲೂ ಅಲುಗಾಡುತ್ತದೆ. ಹಲ್ಲುಜ್ಜುವಾಗ ರಕ್ತ ಬಂದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಹೊಗೆಸೊಪ್ಪು ಹಾಕುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಈ ರೋಗ ಬೇಗ ಬಲಿಯುತ್ತದೆ.

1960ರಲ್ಲಿ ಮೊದಲು ತಯಾರಾದ ಲೇಸರನ್ನು ಈಗ ಒಸಡಿನ ಚಿಕಿತ್ಸೆಗೂ ಬಳಸುತ್ತಾರೆ. ಊದಿದ ಒಸಡನ್ನು ಅದರಿಂದ ಕತ್ತರಿಸಿದರೆ ರಕ್ತಸ್ರಾವ ಕಡಿಮೆ. ಆದರೆ ಹಲ್ಲಿನ ಬೇರಿಗೆ ಅಂಟಿ ಗಟ್ಟಿಯಾದ ಪಾಚಿಯನ್ನು ಸಾಮಾನ್ಯವಾಗಿ ಬಳಸುವ ಡಯೋಡ್ ಲೇಸರ್ ತೆಗೆಯಲಾರದು. ಅದನ್ನು ಕೆರೆದೇ ತೆಗೆಯಬೇಕು. ಲೇಸರ್ ಅದರ ಜೊತೆಗೆ ಬರುವ ಸಹಾಯವೇ ಹೊರತು ಬದಲಿಯಲ್ಲ.

ರಾಯದುರ್ಗದವರು ಬಳ್ಳಾರಿಯಲ್ಲಿ, ಮಡಕಶಿರದವರು ತುಮಕೂರಿನಲ್ಲಿ ಇರುವ ದಂತವೈದ್ಯಕೀಯ ಕಾಲೇಜಿಗೆ ಹೋಗಿ ಹಲ್ಲು ತೋರಿಸಿಕೊಳ್ಳಿ. ಕಟಾವು ಮುಗಿಯಲೆಂದು ಕಾಯಬೇಡಿ.