ಹೋರಿ ಯಾರದು, ಕ್ಲಬ್ ಯಾರದು?

ಈ ಸಲ ಬೆಂಗಳೂರಿನ ರೂಮಿನಿಂದ ಅಲ್ಲ, ನಮ್ಮೂರು ಹಂಸಭಾವಿಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಎಮ್ಮೆ ಕೂಗಿದ್ದು ಕೇಳಿಸಿದ್ರೆ ಅದು ಎಡಿಟಿಂಗ್ ತಪ್ಪಲ್ಲ.

ವಿಷಯ ಶುರುವಾಗಿದ್ದು ನಮ್ಮನೆ ಕಟ್ಟೆ ಮೇಲೆ. ನಮ್ಮ ಕಾಕಾನ ಮಗ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ಹಿರೇಕೆರೂರು ದಾಟಿ ಎರಡು ಸಲ ಹೋಗಿರಬಹುದು, ಆದರೆ ಓಲ್ಡ್ ಟ್ರಾಫರ್ಡ್‌ನಲ್ಲಿ ಯಾವ ಗೇಟಿನ ಪಕ್ಕ ಯಾರ ಪ್ರತಿಮೆ ಇದೆ ಅಂತ ಹೇಳ್ತಾನೆ. ನಾನು ಬೆಂಗಳೂರು ಎಫ್‌ಸಿ. ಅವನು ಅಂದ: "ನಿಮ್ದೇನು ದೊಡ್ಡ ಕ್ಲಬ್ ಅಲ್ಲ ಬಿಡೋ. 2013ರಾಗ ಒಂದು ಸ್ಟೀಲ್ ಕಂಪನಿ ಮಾಡಿದ್ದು. ನಿನಗಿಂತ ಸಣ್ಣದು ಅದು."

ಉರಿದುಹೋಯ್ತು ನನಗೆ. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ಆಗಿದ್ದು, 2019ರ ಮಾರ್ಚ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಗೆ ರಾಹುಲ್ ಭೆಕೆ ತಲೆ ಕೊಟ್ಟು ಐಎಸ್‌ಎಲ್ ಗೆಲ್ಲಿಸಿದ್ದು, ಎಲ್ಲಾ ಒಂದೇ ಉಸಿರಲ್ಲಿ ಹೇಳಿದೆ. ಬೆಂಗಳೂರಿನ ಫುಟ್‌ಬಾಲ್ 2013ಕ್ಕೆ ಹುಟ್ಟಿದ್ದಲ್ಲ, ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಬ್ರಿಟಿಷ್ ಪಲ್ಟನ್‌ಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ ಎತ್ತಿಕೊಂಡು ಬಂದಿತ್ತು, ಗೌತಮಪುರದಲ್ಲಿ ಪೆಲೆಗೆ ಪ್ರತಿಮೆ ಇದೆ ಅಂತಾನೂ ಹೇಳಿದೆ.

ಹಗ್ಗ ಹೊಸೀತಾ ಕೂತಿದ್ದ ಕಾಕಾ ತಲೆ ಎತ್ತದೆ ಕೇಳಿದ: "ಅಲ್ಲೋ, ಇಷ್ಟ್ ಬಡದಾಡಾಕತ್ತೀರಲ್ಲ, ಆ ಟೀಮಿನ ಮಾಲಕ ಯಾರು? ಸಾಲ ಎಷ್ಟೈತಿ?"

ಈ ಪ್ರಶ್ನೆ ಕೇಳೋ ಹಕ್ಕು ನಮ್ಮ ಕಾಕಾನಿಗೆ ಇದೆ. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಸಾಲದ ಲೆಕ್ಕ.

ಯುನೈಟೆಡ್‌ದು ಸುಲಭವಾಗಿ ಅರ್ಥ ಆಗುತ್ತೆ, ಯಾಕಂದ್ರೆ ನಮ್ಮ ಕಡೆ ಟ್ರ್ಯಾಕ್ಟರ್ ಹಂಗೇ ತಗೊಳ್ತಾರೆ: ಟ್ರ್ಯಾಕ್ಟರನ್ನೇ ಅಡವಿಟ್ಟು ಟ್ರ್ಯಾಕ್ಟರ್ ಸಾಲ. ಅಮೆರಿಕದ ಗ್ಲೇಝರ್ ಕುಟುಂಬ 2005ರಲ್ಲಿ ಸುಮಾರು 79 ಕೋಟಿ ಪೌಂಡ್‌ಗೆ ಆ ಕ್ಲಬ್ ಕೊಂಡಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲದ ದುಡ್ಡು. ಆ ಸಾಲದ ದೊಡ್ಡ ಪಾಲು ಬಂದು ಕೂತಿದ್ದು ಕ್ಲಬ್ಬಿನ ತಲೆ ಮೇಲೆ. ಅಲ್ಲೀವರೆಗೆ ಸಾಲ ಅನ್ನೋದೇ ಇಲ್ಲದಂತಿದ್ದ ಕ್ಲಬ್ಬು, ತನ್ನನ್ನು ಕೊಂಡವರ ಸಾಲಕ್ಕೆ ತಾನೇ ಬಡ್ಡಿ ಕಟ್ಟೋಕೆ ಶುರು ಮಾಡ್ತು. ನೀವು ನನ್ನ ಎತ್ತು ಕೊಂಡಿರಿ, ದುಡ್ಡು ಸಾಹುಕಾರಂದು, ತೀರಿಸಬೇಕಾದ್ದು ಎತ್ತು. ಆ ವರ್ಷವೇ ಸಿಟ್ಟಾದ ಒಂದಷ್ಟು ಅಭಿಮಾನಿಗಳು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ತಮ್ಮದೇ ಪುಟ್ಟ ಕ್ಲಬ್ ಕಟ್ಟಿಕೊಂಡ್ರು. ಮೊನ್ನೆ ಮೊನ್ನೆ, 2024ರ ಡಿಸೆಂಬರ್‌ನಲ್ಲಿ, ಸೀಸನ್ ನಡುವೆಯೇ ಉಳಿದ ಟಿಕೆಟ್‌ಗಳ ಬೆಲೆ ಕನಿಷ್ಠ 66 ಪೌಂಡ್ ಮಾಡಿದ್ರು, ಮಕ್ಕಳಿಗೂ ರಿಯಾಯಿತಿ ಇಲ್ಲ. ನೂರಾರು ನೌಕರರನ್ನ ತೆಗೆದ್ರು. ಉಳಿದವರಿಗೆ ಕ್ಯಾಂಟೀನ್ ಊಟದ ಬದಲು ಹಣ್ಣು ಅಂತ ಸುದ್ದಿ ಬಂತು. ಜಗತ್ತಿನ ದೊಡ್ಡ ಕ್ಲಬ್!

ಎಲ್ಲಾ ಸಾಲವೂ ಕೆಟ್ಟದ್ದು ಅಂತಲ್ಲ. ಆರ್ಸೆನಲ್ ಸಾಲ ಮಾಡಿ ಸ್ಟೇಡಿಯಂ ಕಟ್ಟಿಸ್ತು, 2006ರಲ್ಲಿ ಅಲ್ಲಿಗೆ ಹೋಯ್ತು. ಕೆಲವು ವರ್ಷ ಒಳ್ಳೊಳ್ಳೆ ಆಟಗಾರರನ್ನ ಮಾರಿಕೊಂಡು ಹೊಟ್ಟೆ ಕಟ್ಟಿ ಬದುಕಿತು, ಆದರೆ ಸ್ಟೇಡಿಯಂ ಉಳೀತು. ಬೋರ್‌ವೆಲ್‌ಗೆ ಸಾಲ ಮಾಡಿದಂಗೆ. (ನಮ್ಮ ಕಡೆ ಬೋರ್ ಫೇಲ್ ಆಗೋದೂ ಇದೆ, ಅದು ಬೇರೆ ಮಾತು.) ಮಾಲೀಕನೇ ಬೇಡ, ಅಭಿಮಾನಿಗಳೇ ಒಡೆಯರಾಗಲಿ ಅನ್ನೋರಿಗೆ ಬಾರ್ಸಿಲೋನಾ ಇದೆ. ಸದಸ್ಯರೇ ವೋಟು ಹಾಕಿ ಅಧ್ಯಕ್ಷರನ್ನ ಆರಿಸ್ತಾರೆ. 2021ರಲ್ಲಿ ಅದರ ಸಾಲ 100 ಕೋಟಿ ಯೂರೊ ದಾಟಿತ್ತು, ಮೆಸ್ಸಿ ಅಳ್ತಾ ಹೋದ. ವೋಟು ಕೇಳೋರು ಖರ್ಚು ಹೆಂಗೆ ಮಾಡ್ತಾರೆ ಅಂತ ಗ್ರಾಮ ಪಂಚಾಯಿತಿ ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಂಗಾದ್ರೆ ನಮ್ಮ ಬೆಂಗಳೂರು ಎಫ್‌ಸಿ? ಇಲ್ಲಿರೋದು ಇನ್ನೊಂದು ಥರ. ನಮ್ಮ ದೇಶದ ಹೆಚ್ಚಿನ ಕ್ಲಬ್‌ಗಳಿಗೆ ಟಿವಿ ದುಡ್ಡು, ಟಿಕೆಟ್ ದುಡ್ಡು ಖರ್ಚಿಗೆ ಸಾಲಲ್ಲ. ವರ್ಷಾ ವರ್ಷಾ ಆದ ನಷ್ಟವನ್ನ ಮಾಲೀಕ ತನ್ನ ಜೇಬಿನಿಂದ ತುಂಬ್ತಾನೆ. ಬ್ಯಾಂಕಿನವರು ಬಾಗಿಲಿಗೆ ಬರಲ್ಲ ನಿಜ. ಆದರೆ ಮಾಲೀಕನಿಗೆ ಒಂದು ಬೆಳಗ್ಗೆ ಸಾಕು ಅನ್ನಿಸಿದ್ರೆ ಮುಗೀತು. ಹೀಗೆ ಮುಗಿದವು ಎಷ್ಟು ಬೇಕು? ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕ್ತು. ಮೊಟ್ಟ ಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದಿದ್ದ ಪಂಜಾಬಿನ ಜೆಸಿಟಿ 2011ರಲ್ಲಿ.

ಇನ್ನು ಕೆಲವು ಮುಚ್ಚಲ್ಲ, ಊರು ಬದಲಿಸ್ತವೆ. ಪುಣೆ ಸಿಟಿ ಅಂತ ಐಎಸ್‌ಎಲ್ ತಂಡ ಇತ್ತು ನೆನಪಿದ್ಯಾ? 2019ರಲ್ಲಿ ಅದು ಹೋಯ್ತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಹೈದರಾಬಾದ್ 2022ರಲ್ಲಿ ಕಪ್ಪನ್ನೇ ಗೆದ್ದುಬಿಡ್ತು! ಮುಂದಿನ ಎರಡು ವರ್ಷದಲ್ಲಿ ಸಂಬಳ ಬಾಕಿ, ಆಟಗಾರರು ಒಬ್ಬೊಬ್ಬರಾಗಿ ಜಾಗ ಖಾಲಿ. ಮಾಲೀಕರು ಬದಲಾದ್ರು, 2025ರಲ್ಲಿ ಅದೇ ತಂಡ ಡೆಲ್ಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಆಯ್ತು. ಡೆಲ್ಲಿಯಲ್ಲಿ ಮೊದಲಿದ್ದ ತಂಡ? ಅದು 2019ರಲ್ಲೇ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. ಗಚ್ಚಿಬೌಲಿ ಸ್ಟೇಡಿಯಂನಲ್ಲಿ ಹಳದಿ ಜೆರ್ಸಿ ಹಾಕ್ಕೊಂಡು ಕುಣಿದ ಹುಡುಗ ಈಗ ಆ ಜೆರ್ಸಿ ಏನು ಮಾಡಿರಬಹುದು ಅಂತ ಯೋಚನೆ ಬರುತ್ತೆ ನನಗೆ.

ಈ ಯೋಚನೆ ಬರೋದಕ್ಕೆ ಕಾರಣ ನಮ್ಮ ಕಾಕಾನ ಹೋರಿ.

ಹಾವೇರಿ ಕಡೆಯವರಲ್ಲದೆ ಕೇಳ್ತಿರೋರಿಗೆ ಎರಡು ಮಾತು. ದೀಪಾವಳಿ ಆದ ಮೇಲೆ ನಮ್ಮ ಕಡೆ ಹೋರಿ ಹಬ್ಬ. ಬಲೂನು, ಜೂಲಾ, ಕೊರಳಿಗೆ ಒಣಕೊಬ್ಬರಿ ಸರ ಕಟ್ಟಿ ಹೋರಿನ ಓಡಿಸ್ತಾರೆ. ಎರಡೂ ಕಡೆ ಜನ. ಕೊಬ್ಬರಿ ಹರಿದುಕೊಳ್ಳೋಕೆ ಹುಡುಗರು ಮೈಮೇಲೆ ಬೀಳ್ತಾರೆ, ಹೋರಿ ಯಾರ ಕೈಗೂ ಸಿಗದಂಗೆ ಹಾಯ್ದು ಹೋದ್ರೆ ಗೆದ್ದಂಗೆ. ಒಂದೊಂದು ಹೋರಿಗೂ ಸಿನಿಮಾ ಹೀರೋ ಥರ ಹೆಸರು, ಅಭಿಮಾನಿ ಬಳಗ, ಬ್ಯಾನರು, ಟಿ-ಶರ್ಟು, ವಾಟ್ಸ್ಯಾಪ್ ಸ್ಟೇಟಸ್. ಐಎಸ್‌ಎಲ್ ಹುಟ್ಟೋಕೂ ಮುಂಚೆ ನಾನು ಅಭಿಮಾನಿ ಅಂತ ಆಗಿದ್ದು ಹೋರಿಗೆ.

ಕಾಕಾ ತಾನೇ ಕರುವಿಂದ ಸಾಕಿದ್ದ ಹೋರಿ ಅದು. ಹೆಸರು ಹೇಳಲ್ಲ, ಈಗ ಬೇರೆಯವರದ್ದು. ನಾಲ್ಕು ವರ್ಷ ಒಬ್ಬನೂ ಅದರ ಕೊರಳಿಗೆ ಕೈ ಹಾಕಿರಲಿಲ್ಲ. ಬಳಗದಲ್ಲಿ ನೂರಕ್ಕೂ ಮೇಲೆ ಹುಡುಗರು. ಹಬ್ಬ ಎಲ್ಲಿದ್ರೂ ಟಾಟಾ ಏಸ್ ಬಾಡಿಗೆ ಮಾಡ್ಕೊಂಡು ಹೋಗೋದು, ಬಾಡಿಗೆ ದುಡ್ಡು ನಾವೇ ಪಟ್ಟಿ ಎತ್ತೋದು. ಆದರೆ ಹಿಂಡಿ, ಮೇವು, ಹತ್ತಿಕಾಳು, ದಿನಾ ಈಜಾಡಿಸಿ ಮೈ ತೊಳೆಯೋದು ಎಲ್ಲಾ ಕಾಕಾಂದೇ. ಗೆದ್ದ ಬಹುಮಾನ ಆ ಖರ್ಚಿನ ಹತ್ತಿರಕ್ಕೂ ಬರ್ತಿರಲಿಲ್ಲ. ಒಂದು ವರ್ಷ ಗೋವಿನಜೋಳದ ರೇಟು ಬಿತ್ತು, ಎರಡು ಬೋರು ಒಣಗಿದ್ವು, ಕೈಸಾಲ ಬೆಳೀತು. ಬೇರೆ ತಾಲ್ಲೂಕಿನವರು ಬಂದು ಹೋರಿಗೆ ಬೆಲೆ ಕಟ್ಟಿದ್ರು.

ಹುಡುಗರು ಬಿಡಲ್ಲ ಅಂದ್ರು. ಮೂರು ದಿನ ಪಟ್ಟಿ ಎತ್ತಿದ್ವಿ. ಬೆಂಗಳೂರಲ್ಲಿ ಡೆಲಿವರಿ ಮಾಡೋನು ಫೋನ್‌ಪೇ ಮಾಡಿದ, ಕಾಲೇಜ್ ಹುಡುಗ್ರು ಐವತ್ತು ನೂರು ಕೊಟ್ರು. ಎಲ್ಲಾ ಸೇರಿ 38,000. ಬಂದವರು ಹೇಳಿದ್ದು ಅದರ ಆರು ಪಟ್ಟು. ಕಾಕಾ ನಮ್ಮ ದುಡ್ಡು ಮುಟ್ಟಲಿಲ್ಲ. "ಇದ ರೊಕ್ಕಾ ತಗೊಂಡ್ರ ಮುಂದಿನ ವರ್ಷ ಹಿಂಡಿಗೆ ಮತ್ತ ನಿಮ್ಮ ಕಡೆ ಬರ್ಬೇಕಾಕ್ಕತಿ" ಅಂದ. ಮರುದಿನ ಬೆಳಿಗ್ಗೆ ನಾವು ಏಳೋ ಹೊತ್ತಿಗೆ ಗೂಟ ಖಾಲಿ.

ಮುಂದಿನ ದೀಪಾವಳಿ ಆದ ಮೇಲೆ ಒಂದು ಹಬ್ಬದಲ್ಲಿ ಅದು ಓಡೋಕೆ ಬಂತು. ಬ್ಯಾನರಿನಲ್ಲಿ ಬೇರೆ ಊರಿನ ಹೆಸರು. ನಾವು ಏಳೆಂಟು ಜನ ಬೇಲಿ ಪಕ್ಕ ನಿಂತಿದ್ವಿ, ಕೂಗಬೇಕಾ ಬೇಡ್ವಾ ಗೊತ್ತಾಗಲಿಲ್ಲ. ಹಾಯ್ದು ಹೋಯ್ತು, ಯಾರಿಗೂ ಸಿಗಲಿಲ್ಲ. ನಮ್ಮಲ್ಲೊಬ್ಬ ಹಳೇ ಟಿ-ಶರ್ಟನ್ನ ಅಂಗಿ ಒಳಗೆ ಹಾಕ್ಕೊಂಡು ಬಂದಿದ್ದ. ಹೊರಗೆ ತೋರಿಸಲಿಲ್ಲ.

ಹೈದರಾಬಾದ್ ಸುದ್ದಿ ಓದಿದಾಗ ನನಗೆ ಅವನೇ ಕಣ್ಣಿಗೆ ಬಂದ.

ಈಗ ನೀವು ಕೇಳ್ತೀರಿ, ಆರ್‌ಸಿಬಿ? ಹೌದು. 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರ್‌ಗೆ ಕೊಂಡ ತಂಡ. ಅವರ ವಿಮಾನ ಕಂಪನಿ ಸಾಲದಲ್ಲಿ ಮುಳುಗಿತು, ಅವರು 2016ರಲ್ಲಿ ದೇಶ ಬಿಟ್ಟರು, ತಂಡ ಡಿಯಾಜಿಯೊ ಕೈಗೆ ಹೋಗಿತ್ತು. ಅಭಿಮಾನಿ ಒಬ್ಬನೂ ಕಡಿಮೆ ಆಗಲಿಲ್ಲ. ಕಪ್ ಬರೋಕೆ 2025ರ ಜೂನ್ 3 ಬೇಕಾಯ್ತು. ಕಪ್ಪಿಲ್ಲದ ಹದಿನೇಳು ಸೀಸನ್‌ನಲ್ಲೂ ಅದು ದೊಡ್ಡ ತಂಡವೇ. ಮರುದಿನ ಚಿನ್ನಸ್ವಾಮಿ ಹೊರಗೆ ಹನ್ನೊಂದು ಜನ ಕಾಲ್ತುಳಿತದಲ್ಲಿ ಸತ್ತರು. ಹೆಚ್ಚಿನವರು ನಿಮ್ಮ ನನ್ನ ವಯಸ್ಸಿನವರು. ಅದರ ಬಗ್ಗೆ ಅವಸರದಲ್ಲಿ ಮಾತಾಡಬಾರದು, ಬೇರೆ ಸಂಚಿಕೆ ಮಾಡೋಣ.

ಇವತ್ತು ನಾನು ಹೇಳಲೇಬೇಕು ಅಂತ ಬಂದಿದ್ದು ಮೋಹನ್ ಬಗಾನ್ ಕಥೆ. 1911ರಲ್ಲಿ ಬ್ರಿಟಿಷ್ ಪಲ್ಟನ್ ತಂಡವನ್ನ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕ್ಲಬ್ಬು. ದುಡ್ಡು ಅದಕ್ಕೂ ಬೇಕು. 1998ರಲ್ಲಿ ನಮ್ಮ ಬೆಂಗಳೂರಿನ ಯುಬಿ ಗ್ರೂಪ್ ಅರ್ಧ ಪಾಲು ಹಿಡೀತು, ತಂಡದ ಹೆಸರಿನ ಮುಂದೆ ಮ್ಯಾಕ್‌ಡೊವೆಲ್ ಅಂತ ಸೇರ್ತು. ಬದ್ಧವೈರಿ ಈಸ್ಟ್ ಬೆಂಗಾಲ್‌ಗೂ ಅದೇ ಮಾಲೀಕರು, ಅಲ್ಲಿ ಕಿಂಗ್‌ಫಿಷರ್! ಎರಡೂ ಹೋರಿ ಒಬ್ಬನೇ ಕೊಂಡಂಗೆ. ಆಮೇಲೆ 2020ರಲ್ಲಿ ಗೋಯೆಂಕಾ ಅವರ ಕಂಪನಿ ಫುಟ್‌ಬಾಲ್ ವಿಭಾಗದ 80% ತಗೊಂಡು ತಮ್ಮ ಎಟಿಕೆ ತಂಡದ ಹೆಸರು ಮುಂದೆ ಹಾಕಿ, ಎಟಿಕೆ ಮೋಹನ್ ಬಗಾನ್ ಅಂದ್ರು. ಕೋಲ್ಕತ್ತದ ಜನ ಮೂರು ವರ್ಷ ಬಿಡಲಿಲ್ಲ. ಬ್ಯಾನರ್, ಪ್ರತಿಭಟನೆ, ಆ ಮೂರಕ್ಷರ ತೆಗೀರಿ ಅಂತ ಒಂದೇ ಹಟ. 2023ರ ಮಾರ್ಚ್ 18, ಗೋವಾದಲ್ಲಿ ಐಎಸ್‌ಎಲ್ ಫೈನಲ್. ಎದುರಿಗೆ ಯಾರು ಅಂದ್ರೆ ನಮ್ಮ ಬೆಂಗಳೂರು ಎಫ್‌ಸಿ. 2-2, ಪೆನಾಲ್ಟಿಯಲ್ಲಿ ನಾವು ಸೋತ್ವಿ. ನಾನು ಮೊಬೈಲ್ ಬೋರಲು ಹಾಕಿ ಮಲಗಿದ್ದೆ. ಅದೇ ರಾತ್ರಿ ಗೋಯೆಂಕಾ ಅನೌನ್ಸ್ ಮಾಡಿದ್ರು, ಇನ್ನು ಮುಂದೆ ಹೆಸರು ಮೋಹನ್ ಬಗಾನ್ ಸೂಪರ್ ಜೈಂಟ್.

80% ಕಾಗದ ಇದ್ದವರು ಮೂರಕ್ಷರ ಉಳಿಸಿಕೊಳ್ಳಲಿಲ್ಲ. ನನ್ನ ಲೆಕ್ಕದಲ್ಲಿ ದೊಡ್ಡ ಕ್ಲಬ್ ಅಂದ್ರೆ ಅದು. ಟ್ರೋಫಿ ಎಣಿಸೋದಲ್ಲ, ಇನ್‌ಸ್ಟಾ ಫಾಲೋವರ್ಸ್ ಅಲ್ಲ. ಮಾಲೀಕ ಏನಾದ್ರೂ ಮಾಡೋಕೆ ಹೋದಾಗ 'ಇದು ಆಗಲ್ಲ' ಅನ್ನೋಕೆ ಜನ ಇದ್ದಾರಾ, ಅವರ ಮಾತು ನಡೆಯುತ್ತಾ?

ಬೆಂಗಳೂರು ಎಫ್‌ಸಿಗೆ ಈ ಪರೀಕ್ಷೆ 2025ರಲ್ಲಿ ಬಂತು. ಫುಟ್‌ಬಾಲ್ ಫೆಡರೇಷನ್ ಮತ್ತು ಆಗ ಲೀಗ್ ನಡೆಸ್ತಿದ್ದ ಎಫ್‌ಎಸ್‌ಡಿಎಲ್ ನಡುವಿನ ಹದಿನೈದು ವರ್ಷದ ಒಪ್ಪಂದ ಡಿಸೆಂಬರ್‌ಗೆ ಮುಗೀತಿತ್ತು, ಹೊಸದು ಆಗಿರಲಿಲ್ಲ. ಜುಲೈನಲ್ಲಿ ಲೀಗನ್ನೇ ತಡೆಹಿಡಿದ್ರು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು, ಸಿಬ್ಬಂದಿ ಎಲ್ಲರ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸ್ತು. ಆಗ ಸುನಿಲ್ ಛೆಟ್ರಿ ಇದ್ದ ತಂಡ ಅದು. ಹಿಂದೆ ಇರೋದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ ಇರೋ ಜೆಎಸ್‌ಡಬ್ಲ್ಯೂ. ದುಡ್ಡಿಲ್ಲ ಅಂತಲ್ಲ. ಲೀಗೇ ಇಲ್ಲದೆ ಎಷ್ಟು ತಿಂಗಳು ಸುರೀಬೇಕು ಅನ್ನೋ ಅವರ ಪ್ರಶ್ನೆಯೂ ತಪ್ಪಲ್ಲ, ಕಾಕಾನ ಹಿಂಡಿ ಲೆಕ್ಕ ನೋಡಿದವನು ನಾನು. ಕೊನೆಗೆ ಲೀಗ್ ಶುರುವಾಗಿದ್ದು 2026ರ ಫೆಬ್ರುವರಿಯಲ್ಲಿ, ಅದೂ ಮೊಟಕಾಗಿ.

ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗೋ ನಾವು ಆ ತಿಂಗಳುಗಳಲ್ಲಿ ಏನು ಮಾಡಿದ್ವಿ? ನನ್ನ ಮಟ್ಟಿಗೆ ಹೇಳ್ತೀನಿ: ಮೂರು ಸ್ಟೋರಿ ಹಾಕಿದೆ, ಒಂದು ಮೀಮ್ ಫಾರ್ವರ್ಡ್ ಮಾಡಿದೆ. ನಾಳೆ ನಮ್ಮ ಕ್ಲಬ್ಬನ್ನೂ ಬೇರೆ ಊರಿಗೆ ಒಯ್ತೀವಿ ಅಂದ್ರೆ ಕೋಲ್ಕತ್ತದವರ ಥರ ಮೂರು ವರ್ಷ ಹಟ ಹಿಡೀತೀನಾ, ಇಲ್ಲಾ ಟಿ-ಶರ್ಟ್ ಅಂಗಿ ಒಳಗೆ ಹಾಕ್ಕೊಂಡು ಬೇಲಿ ಪಕ್ಕ ನಿಲ್ತೀನಾ, ಗೊತ್ತಿಲ್ಲ.

ಕಟ್ಟೆ ಮೇಲೆ ಕಾಕಾನಿಗೆ ಮೋಹನ್ ಬಗಾನ್ ಕಥೆ ಪೂರ್ತಿ ಹೇಳಿದೆ. ಆಸಕ್ತಿಯಿಂದ ಕೇಳಿದ. "ಹೆಸರು ವಾಪಸ್ ತಂದ್ರಾ? ಭೇಷ್. ಈಗ ಹಿಂಡಿ ಯಾರು ಹಾಕ್ತಾರ?"

"ಗೋಯೆಂಕಾನೇ ಕಾಕಾ."

"ಆಂ" ಅಂದ. ಹಗ್ಗದ ತುದಿಗೆ ಗಂಟು ಹಾಕಿ ಜಗ್ಗಿ ನೋಡಿದ. ಗೂಟದಲ್ಲಿ ಈಗ ಒಂದು ಹೊಸ ಕರು ಇದೆ, ಏಳು ತಿಂಗಳಿಂದು. ಅದಕ್ಕೇ ಆ ಹಗ್ಗ. ವಾಟ್ಸ್ಯಾಪ್ ಗ್ರೂಪ್‌ನಲ್ಲಿ ಹುಡುಗ್ರು ಆಗಲೇ ಹೆಸರಿಗೆ ಪೋಲ್ ಹಾಕಿದ್ದಾರೆ.